ಉತ್ತರ: ನಡು ಮಧ್ಯಾಹ್ನವೇ ಇನ್ವರ್ಟರ್ ಟ್ರಿಪ್ ಆಗೋದು, ವಿದ್ಯುತ್ ಕಂಪನಿಗಳ ಮುಂದಿನ ದಾರಿ

ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಬಿಸಿಲು ಜೋರಿದ್ದಾಗಲೇ ಸೋಲಾರ್ ಇನ್ವರ್ಟರ್ (ಪ್ಯಾನಲ್‌ನ ಕರೆಂಟನ್ನು ಮನೆಗೂ ಜಾಲಕ್ಕೂ ಹೊಂದುವಂತೆ ಬದಲಿಸುವ ಪೆಟ್ಟಿಗೆ) ಯಾಕೆ ಆಫ್ ಆಗುತ್ತೆ, ಎಲ್ಲರೂ ಸೋಲಾರ್ ಹಾಕಿಸಿದರೆ ವಿದ್ಯುತ್ ಕಂಪನಿಗಳ ಗತಿ ಏನು ಅಂತ. ಎರಡಕ್ಕೂ ಬೇರು ಒಂದೇ.

ಗ್ರಿಡ್, ಅಂದರೆ ಮನೆಮನೆಗೆ ಕರೆಂಟ್ ತರುವ ಜಾಲ, ಕಟ್ಟಿದ್ದು ಕಾಲುವೆಯ ಲೆಕ್ಕದಲ್ಲಿ. ಮೇಲಿಂದ ಬಿಟ್ಟದ್ದು ಕೊನೆಯ ಗದ್ದೆ ಮುಟ್ಟಬೇಕು. ದೂರ ಹೋದಷ್ಟೂ ವೋಲ್ಟೇಜ್ ಇಳಿಯುವುದರಿಂದ ಟ್ರಾನ್ಸ್‌ಫಾರ್ಮರ್‌ನಲ್ಲೇ ಸ್ವಲ್ಪ ಏರಿಸಿ ಕಳಿಸುತ್ತಾರೆ. ಈಗ ಕೊನೆಯ ಗದ್ದೆಯೇ, ಅಂದರೆ ಸೋಲಾರ್ ಹಾಕಿಸಿದ ಮನೆಯೇ, ನೀರು ಹಿಂದಕ್ಕೆ ತಳ್ಳುತ್ತಿದೆ. ತಂತಿಯಲ್ಲಿ ಎದುರು ತಳ್ಳಬೇಕಾದರೆ ನಿಮ್ಮ ಕಡೆ ವೋಲ್ಟೇಜ್ ಏರಲೇಬೇಕು. ಮಧ್ಯಾಹ್ನ ಬಳಕೆ ಕಮ್ಮಿ, ತಳ್ಳುವವರು ಹೆಚ್ಚು. 230 ವೋಲ್ಟ್ ಜಾಲದಲ್ಲಿ ಹಲವೆಡೆ ಮೇಲ್ಮಿತಿ 253. ಅದನ್ನು ದಾಟಿದರೆ ಇನ್ವರ್ಟರ್ ಕಳಚಿಕೊಳ್ಳುತ್ತೆ, ಹಾಗೆ ಮಾಡುವುದೇ ಅದರ ಕೆಲಸ. ದಯವಿಟ್ಟು ಸೆಟ್ಟಿಂಗ್‌ನಲ್ಲಿ ಮಿತಿ ಏರಿಸಬೇಡಿ, ಪಕ್ಕದ ಮನೆಯವರ ಫ್ರಿಜ್, ಮೋಟರ್ ಸುಟ್ಟಾವು. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಕೇಬಲ್ ಸಣ್ಣದಿದ್ದರೆ ದಪ್ಪದ್ದು ಎಳೆಸಿ. ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಅದು ಬಿಡುವ ವೋಲ್ಟೇಜನ್ನು ಹೊಂದಿಸುವ ಜಾಗ) ಇಳಿಸಿಕೊಡಿ ಅಂತ ಕಂಪನಿಗೆ ಬರೆದು ಕೊಡಿ.

ಫ್ರೀಕ್ವೆನ್ಸಿಯ ಕಥೆ ಇನ್ನೂ ಗಂಭೀರ. ಫ್ರೀಕ್ವೆನ್ಸಿ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಏರಿಳಿಯುತ್ತೆ ಅನ್ನುವ ಲೆಕ್ಕ, ಇರಬೇಕಾದದ್ದು 50 ಹರ್ಟ್ಸ್. ಜರ್ಮನಿಯಲ್ಲಿ ಫ್ರೀಕ್ವೆನ್ಸಿ 50.2 ಹರ್ಟ್ಸ್ ಮುಟ್ಟಿದರೆ ಸೋಲಾರ್ ಇನ್ವರ್ಟರ್‌ಗಳು ಆಫ್ ಆಗಬೇಕು ಅನ್ನುವ ನಿಯಮ ಇತ್ತು. ಒಂದೆರಡು ಇದ್ದಾಗ ಸರಿ. ಲಕ್ಷಗಟ್ಟಲೆ ಆದ ಮೇಲೆ ಎಲ್ಲವೂ ಒಂದೇ ಕ್ಷಣದಲ್ಲಿ ಕಳಚಿಕೊಂಡರೆ ಜಾಲವೇ ಕುಸಿಯುತ್ತೆ ಅಂತ ಗೊತ್ತಾಯಿತು. 2012ರಲ್ಲಿ ಕಾನೂನು ತಂದು ಲಕ್ಷಗಟ್ಟಲೆ ಹಳೆಯ ಇನ್ವರ್ಟರ್‌ಗಳನ್ನು ತಿದ್ದಿಸಬೇಕಾಯಿತು. ಮೊದಲು ಉಗಿ ಟರ್ಬೈನಿನ ಭಾರವೇ ತಿರುಗುತ್ತಾ ಇಂಥ ಏರಿಳಿತವನ್ನು ತಡೆಯುತ್ತಿತ್ತು. ಆ ಕೆಲಸ ಈಗ ಬ್ಯಾಟರಿಗೂ ಬರುತ್ತಿದೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲೇ 100 ಮೆಗಾವ್ಯಾಟ್ ಬ್ಯಾಟರಿ ಶುರುವಾಯಿತು.

ಇನ್ನು ಕಂಪನಿಗಳ ಗತಿ. ಅವು ಮುಚ್ಚುವುದಿಲ್ಲ, ಮಾರುವ ಸರಕು ಬದಲಾಗುತ್ತೆ. ನೀವು ಯೂನಿಟ್ ಕಮ್ಮಿ ತಗೊಂಡರೂ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಖರ್ಚು ಕಮ್ಮಿ ಆಗಲ್ಲ. ಆ ಖರ್ಚನ್ನು ಯೂನಿಟ್ ದರದಲ್ಲೇ ಎತ್ತಿದರೆ ಹೊರೆ ಬೀಳುವುದು ಪ್ಯಾನಲ್ ಹಾಕಿಸಲಾಗದ ಬಾಡಿಗೆ ಮನೆಯವರ ಮೇಲೆ. ಇದು ನ್ಯಾಯ ಅಲ್ಲ, ನಾವು ಸೋಲಾರ್‌ನವರೂ ಒಪ್ಪಬೇಕು. ಹಾಗಾಗಿ ನಿಗದಿತ ಶುಲ್ಕ, ಹೊತ್ತಿಗೊಂದು ದರ ಬರುತ್ತಿವೆ. ಮಧ್ಯಾಹ್ನ ಹೇರಳವಾಗಿರುವ ಕರೆಂಟ್ ಸಂಜೆ ಸೂರ್ಯ ಮುಳುಗಿ ದೀಪ ಹತ್ತುವ ಹೊತ್ತಿಗೆ ತುಟ್ಟಿ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು ಇದನ್ನು 2013ರಲ್ಲೇ ಬಾತುಕೋಳಿ ಆಕಾರದ ಗ್ರಾಫ್‌ನಲ್ಲಿ ತೋರಿಸಿದ್ದರು. 2023ರ ಏಪ್ರಿಲ್‌ನಿಂದ ಅಲ್ಲಿ ಹೊಸದಾಗಿ ಸೋಲಾರ್ ಹಾಕಿಸುವವರಿಗೆ ಗ್ರಿಡ್‌ಗೆ ಬಿಟ್ಟ ಯೂನಿಟ್‌ಗೆ ಸಿಗುವುದು ಕೊಳ್ಳುವ ದರಕ್ಕಿಂತ ಬಹಳ ಕಮ್ಮಿ.

ಆದ್ದರಿಂದ ಗ್ರಿಡ್‌ಗೆ ಮಾರುವ ಲೆಕ್ಕ ಹಾಕಿ ಪ್ಯಾನಲ್ ಹೆಚ್ಚಿಸಬೇಡಿ. ಪಂಪ್ ಮೋಟರನ್ನು 11ರಿಂದ 3ರ ಒಳಗೆ ಓಡಿಸಿ. ತುಂಬಿದ ತೊಟ್ಟಿಗಿಂತ ಅಗ್ಗದ ಬ್ಯಾಟರಿ ಇಲ್ಲ. ಆ ಹೊತ್ತಿಗೆ ನಿಮ್ಮಲ್ಲೇ ಕರೆಂಟ್ ಖರ್ಚಾದರೆ ವೋಲ್ಟೇಜ್ ಏರಿಕೆಯೂ ತಗ್ಗುತ್ತೆ, ಟ್ರಿಪ್ಪಿಂಗ್ ಅಷ್ಟಕ್ಕೇ ನಿಲ್ಲಬಹುದು. ಒಂದು ವಾರ ಹೀಗೆ ಓಡಿಸಿ, ಟ್ರಿಪ್ ಆದ ಹೊತ್ತಿನ ವೋಲ್ಟೇಜ್ ಲಾಗ್ ಇಲ್ಲಿ ಹಾಕಿ. ಅದನ್ನು ನೋಡಿದರೆ ತೊಂದರೆ ನಿಮ್ಮ ಕೇಬಲ್‌ನದೋ ಫೀಡರ್‌ನದೋ (ಕಂಪನಿಯ ಲೈನಿನದೋ) ಹೇಳಬಹುದು.