ಗೊಬ್ಬರ ಹಾಕದೆಯೇ ಪೊಟ್ಯಾಷ್ 240ರಿಂದ 288 ಆಗಿದ್ದು ಹೇಗೆ?

ಯಲಹಂಕದ ಆಚೆ ಇರುವ ನಿಮ್ಮ ರಾಗಿ ಹೊಲದ ಮಣ್ಣನ್ನು ಎರಡು ಲ್ಯಾಬಿಗೆ ಕೊಟ್ಟಿದ್ದೀರಿ. ಒಂದು ಕಡೆ ಲಭ್ಯ ಪೊಟ್ಯಾಷ್ ಹೆಕ್ಟೇರಿಗೆ 240 ಕಿಲೋ, ಇನ್ನೊಂದು ಕಡೆ 288 ಕಿಲೋ ಬಂದಿದೆ. ನಡುವೆ ಏನೂ ಹಾಕಿಲ್ಲ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲಿ ಮಣ್ಣು ಪರೀಕ್ಷೆಯ ಕೆಲಸವನ್ನೇ ಮಾಡುತ್ತೇನೆ. ನನಗನ್ನಿಸುವುದು, ಎರಡೂ ಸರಿ. ಎರಡೂ ಹಾಳೆಗಳಲ್ಲಿ ಅಂಕಿಯ ಪಕ್ಕ ಏನು ಬರೆದಿದೆ ನೋಡಿ. ಒಂದರಲ್ಲಿ ‘ಕೆ’, ಇನ್ನೊಂದರಲ್ಲಿ ‘ಕೆ2ಓ’ ಅಂತ ಇರಬೇಕು. ಮೊದಲನೆಯದು ಬರೀ ಪೊಟ್ಯಾಸಿಯಂ ಲೆಕ್ಕ, ಎರಡನೆಯದು ಅದನ್ನೇ ಪೊಟ್ಯಾಸಿಯಂ ಆಕ್ಸೈಡ್ ಆಗಿ ಹೇಳುವ, ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕ. 240ನ್ನು 1.2ರಿಂದ ಗುಣಿಸಿ, ಸರಿಯಾಗಿ 288 ಬರುತ್ತದೆ.

ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ‘ಕೆ’ ಲೆಕ್ಕದಲ್ಲಿ 280 ದಾಟಿದರೆ ಜಾಸ್ತಿ ಅನ್ನುತ್ತಾರೆ. ‘ಕೆ2ಓ’ ಲೆಕ್ಕದಲ್ಲಿ ಅದೇ ಗಡಿ 336ರ ಆಸುಪಾಸು. ನಿಮ್ಮ 288ನ್ನು ಯಾರಾದರೂ 280ರ ಪಕ್ಕ ಇಟ್ಟು ನೋಡಿದರೆ ‘ಜಾಸ್ತಿ ಇದೆ, ಪೊಟ್ಯಾಷ್ ಬೇಡ’ ಅಂದುಬಿಡುತ್ತಾರೆ. ನಿಜವಾಗಿ ನಿಮ್ಮ ಹೊಲ ಮಧ್ಯಮ.

ಅಳೆಯುವುದು ಹೇಗೆ ಅಂತಲೂ ಕೇಳಿದ್ದೀರಿ ಅಲ್ವಾ. ನೆರಳಲ್ಲಿ ಒಣಗಿಸಿ, ಜರಡಿ ಹಿಡಿದ 5 ಗ್ರಾಂ ಮಣ್ಣಿಗೆ 25 ಮಿಲಿ ಅಮೋನಿಯಂ ಅಸಿಟೇಟ್ ದ್ರಾವಣ ಹಾಕಿ 5 ನಿಮಿಷ ಅಲುಗಾಡಿಸುತ್ತೇವೆ. ಅಮೋನಿಯಂ ಕಣವೂ ಪೊಟ್ಯಾಸಿಯಂ ಕಣವೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮಣ್ಣಿಗೆ ಅಂಟಿಕೊಂಡ ಪೊಟ್ಯಾಸಿಯಂ ಅನ್ನು ಎಬ್ಬಿಸಿ ಅದರ ಜಾಗದಲ್ಲಿ ಅಮೋನಿಯಂ ಕೂರುತ್ತದೆ. ಸೋಸಿದ ನೀರನ್ನು ಫ್ಲೇಮ್ ಫೋಟೋಮೀಟರಿಗೆ, ಅಂದರೆ ಜ್ವಾಲೆಯ ಬೆಳಕನ್ನು ಅಳೆಯುವ ಯಂತ್ರಕ್ಕೆ ಕೊಡುತ್ತೇವೆ. ಸಣ್ಣ ನಳಿಕೆ ನೀರನ್ನು ಎಳೆದುಕೊಂಡ ತಕ್ಷಣ ನೀಲಿ ಜ್ವಾಲೆಯ ಬಣ್ಣ ಬದಲಾಗುತ್ತದೆ. ಕಣ್ಣಿಗೆ ಎದ್ದು ಕಾಣುವುದು ಸೋಡಿಯಂನ ಹಳದಿ. ಪೊಟ್ಯಾಸಿಯಂ ಬೆಳಕನ್ನು ಮಾತ್ರ ಆರಿಸಿಕೊಳ್ಳುವುದು ಒಳಗಿನ ಫಿಲ್ಟರ್. ಅಲ್ಲಿ 21.4 ಪಿಪಿಎಂ (ಹತ್ತು ಲಕ್ಷದಲ್ಲಿ 21.4 ಭಾಗ) ಬಂದರೆ, 5 ಗ್ರಾಂಗೆ 25 ಮಿಲಿ ಹಾಕಿದ್ದರಿಂದ ಮಣ್ಣಿನಲ್ಲಿ ಅದರ 5 ಪಟ್ಟು, ಅಂದರೆ 107. ಹೆಕ್ಟೇರಿನ ಮೇಲ್ಮಣ್ಣಿನ ತೂಕದ ಲೆಕ್ಕಕ್ಕೆ ಅದನ್ನು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ ಸುಮಾರು 240 ಕಿಲೋ. ನಿಮ್ಮ ಮೊದಲ ಹಾಳೆಯ ಅಂಕಿ ಬಂದಿದ್ದು ಹೀಗೆ.

ಖನಿಜದ ಒಳಗೆ ಸಿಕ್ಕಿಕೊಂಡ ಪೊಟ್ಯಾಷ್ ಈ ಲೆಕ್ಕಕ್ಕೆ ಬರುವುದಿಲ್ಲ. ಮಣ್ಣಿನಲ್ಲಿ ಇರುವುದರಲ್ಲಿ ಅದೇ ಬಹುಪಾಲು, ಆದರೆ ಬೆಳೆಗೆ ಬೇಗ ಸಿಗುವಂಥದ್ದಲ್ಲ.

ಅಂಕಿ ನಿಜವಾಗಿ ಕೆಡುವುದು ಲ್ಯಾಬಿಗೆ ಬರುವ ಮೊದಲೇ. ಎಷ್ಟೋ ಜನ ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ತರುತ್ತಾರೆ. ಒಮ್ಮೆ ಚೀಲ ಬಿಚ್ಚಿದಾಗ ಹೊಲಿಗೆಯ ಸಂದಿಯಲ್ಲಿ ಕೆಂಪು ಹರಳು ಕಂಡಿತು. ಅದು ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ), 100 ಕಿಲೋದಲ್ಲಿ 60 ಕಿಲೋ ‘ಕೆ2ಓ’ ಇರುವಂಥದ್ದು. ಪರೀಕ್ಷೆಗೆ ತೂಗುವುದು 5 ಗ್ರಾಂ ಮಣ್ಣು. ಅದರಲ್ಲಿ ಒಂದು ಹರಳಿನ ಪುಡಿ ಸೇರಿದರೂ ಲೆಕ್ಕ ತಲೆಕೆಳಗು. ಆ ಮಣ್ಣನ್ನು ವಾಪಸ್ ಕೊಟ್ಟು ಬೇರೆ ತರಲು ಹೇಳಿದೆ. ಅವರಿಗೆ ಬೇಜಾರಾಯಿತು, ನನಗೂ ಆಯಿತು. ಒಲೆ ಬೂದಿ ಸುರಿದ ಜಾಗ, ತಿಪ್ಪೆ ಪಕ್ಕ, ಬದು, ಮರದ ಬುಡ ಬಿಡಿ. ಹೊಲದ ಹತ್ತು ಹದಿನೈದು ಕಡೆ ಒಂದು ಗೇಣಿನಷ್ಟು ಆಳ ತೆಗೆದು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಿ.

ಈಗ ನಿಮ್ಮ ಹೊಲಕ್ಕೆ ಬರೋಣ. ಈ ಭಾಗದ ಕೆಂಪು ಮಣ್ಣಿಗೆ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಪ್ಪು ಮಣ್ಣಿನಷ್ಟಿಲ್ಲ. ರಾಗಿ ಎಳೆದುಕೊಂಡ ಪೊಟ್ಯಾಷ್ ಬಹುಪಾಲು ಇರುವುದು ಹುಲ್ಲಿನಲ್ಲಿ, ಕಾಳಿನಲ್ಲಲ್ಲ. ಹುಲ್ಲನ್ನು ಮಾರಿಬಿಟ್ಟರೆ ಅದೂ ಹೊಲ ಬಿಟ್ಟು ಹೋಯಿತು. ನಿಮ್ಮ ಹಸುಗಳೇ ತಿಂದು, ಆ ಗೊಬ್ಬರ ಹೊಲಕ್ಕೆ ಬಂದರೆ ಒಂದಷ್ಟು ವಾಪಸ್ ಬರುತ್ತದೆ. ಮಧ್ಯಮ ಇರುವುದರಿಂದ ರಾಗಿಗೆ ಹೇಳಿರುವ ಪೊಟ್ಯಾಷ್ ಪ್ರಮಾಣವನ್ನು ಹಾಕಿ, ಬಿಡಬೇಡಿ. ಹಾಳೆಯ ಲೆಕ್ಕ ಹೆಕ್ಟೇರಿನದು, ಅಂದರೆ 2 ಎಕರೆ 19 ಗುಂಟೆಯದು. ಎಕರೆಗೆ ಎಷ್ಟು ಅಂತ ಭಾಗಿಸಿಕೊಂಡೇ ಚೀಲ ಬಿಚ್ಚಿ.