ಮೂಲಾ ನಕ್ಷತ್ರದ ಸೊಸೆ, ಮಾವನ ಸಾವು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನು ಬಳಸಿಲ್ಲ.)

ಮದುವೆಯಾದ ಐದನೆಯ ತಿಂಗಳಲ್ಲಿ ಮಾವ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕುಳಿತಿದ್ದ ನೆಂಟರೊಬ್ಬರು ಸೊಸೆಯ ನಕ್ಷತ್ರ ಯಾವುದೆಂದು ವಿಚಾರಿಸಿದರು. ಮೂಲಾ ಎಂದು ತಿಳಿದದ್ದೇ ತಡ, ಪಂಕ್ತಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. "ಮೂಲಾ ಮಾವನಿಗೆ ಆಗದು" ಎಂಬ ಮಾತನ್ನು ಅಂದು ಯಾರೂ ಬಾಯಿಬಿಟ್ಟು ಆಡಬೇಕಾಗಲಿಲ್ಲ.

ಆ ಹೆಣ್ಣುಮಗಳಿಗೆ ಇಪ್ಪತ್ತಾರು ವರ್ಷ. ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ವೈದ್ಯರಲ್ಲಿಗೆ ಹೋದಾಗ ಅವರು ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕಳುಹಿಸಿದರು. ಗಂಡ ಕೆಲಸಕ್ಕೆ ಹೊರಟಾಗ ಆಕೆ ಎದುರಿಗೆ ಬರಬಾರದು ಎಂದಾಗಿತ್ತು. ನೆಂಟರ ಮನೆಯ ನಾಮಕರಣಕ್ಕೆ ಆಕೆಯೊಬ್ಬಳನ್ನು ಬಿಟ್ಟು ಎಲ್ಲರೂ ಹೋಗಿಬಂದಿದ್ದರು. ಕೊನೆಗೆ ಜ್ಯೋತಿಷಿಯೊಬ್ಬರು ಶಾಂತಿ ಮಾಡಿಸಿ, ವರ್ಷಾಬ್ದಿಕ ಮುಗಿಯುವವರೆಗೆ ಸೊಸೆಯನ್ನು ತವರಿನಲ್ಲಿ ಬಿಡಿ ಎಂದಿದ್ದರು. ಮನೆಯವರು ಅದಕ್ಕೆ ದಿನ ನೋಡುತ್ತಿದ್ದರು.

ನನ್ನನ್ನು ಹೆಚ್ಚು ಕಳವಳಗೊಳಿಸಿದ ಸಂಗತಿ ಬೇರೆ. ಆಕೆಗೆ ತವರಿಗೆ ಹೋಗಲೂ ಭಯ. "ಅಲ್ಲಿ ಅಪ್ಪ ಇದ್ದಾರೆ ಮೇಡಂ" ಎಂದಳು. ಮನೆಯಿಂದ ಹೊರಡುವಾಗ ಹೊಸ್ತಿಲನ್ನು ಮೂರು ಸಲ ಮುಟ್ಟುತ್ತಿದ್ದಳು. ಎಣಿಕೆ ತಪ್ಪಿದೆ ಎನಿಸಿದರೆ ಬಸ್ ತಪ್ಪಿದರೂ ಸರಿಯೆಂದು ಹಿಂದಕ್ಕೆ ಬರುತ್ತಿದ್ದಳು. ಮಗು ಬೇಡ ಎಂದು ಗಂಡನಿಗೆ ಹೇಳಿದ್ದಳು, ಕಾರಣ ಹೇಳಿರಲಿಲ್ಲ. ಮನೆಯವರ ನಂಬಿಕೆ ಅಷ್ಟು ಹೊತ್ತಿಗೆ ಅವಳದೂ ಆಗಿಬಿಟ್ಟಿತ್ತು.

ಬುದ್ಧಿವಂತ ಹುಡುಗಿ, ಓದಿದವಳು, ಇದನ್ನು ಹೇಗೆ ನಂಬಿದಳು ಎಂದು ಕೇಳುವವರಿದ್ದಾರೆ. ನಂಬಿಕೆಗೂ ಬುದ್ಧಿಗೂ ನಾವು ತಿಳಿದಷ್ಟು ನೇರ ಸಂಬಂಧವಿಲ್ಲ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಸಿದ ಪಾರಿವಾಳಗಳು ಏನೇ ಮಾಡಲಿ, ಮಾಡದಿರಲಿ, ನಿಗದಿತ ಹೊತ್ತಿಗೆ ಅವುಗಳಿಗೆ ಕಾಳು ಸಿಗುತ್ತಿತ್ತು. ಆದರೂ ಒಂದು ಹಕ್ಕಿ ಸುತ್ತು ಹಾಕತೊಡಗಿತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಂದ ಗಳಿಗೆಯಲ್ಲಿ ತಾವು ಮಾಡುತ್ತಿದ್ದುದನ್ನೇ ಅವು ಮತ್ತೆ ಮತ್ತೆ ಮಾಡಿದವು ಎಂಬುದು ಸ್ಕಿನ್ನರ್ ಅವರ ವಿವರಣೆ. ಹೊಸ್ತಿಲನ್ನು ಮುಟ್ಟಿ ಹೊರಟ ದಿನ ಅಪ್ಪನಿಗೆ ಏನೂ ಆಗದಿದ್ದರೆ ಆ ಶ್ರೇಯಸ್ಸು ಹೊಸ್ತಿಲಿಗೆ ಸಲ್ಲುತ್ತದೆ. ಮುಟ್ಟದೆ ಹೋಗಿ ನೋಡುವ ಧೈರ್ಯ ಬರುವುದೇ ಇಲ್ಲ, ಹಾಗಾಗಿ ನಂಬಿಕೆ ಸುಳ್ಳಾಗುವ ಸಂದರ್ಭವೂ ಒದಗುವುದಿಲ್ಲ.

ಅವಳ ಕೆಲಸವೇ ಲೆಕ್ಕ, ಆದ್ದರಿಂದ ಒಂದು ಲೆಕ್ಕವನ್ನು ಅವಳಿಂದಲೇ ಮಾಡಿಸಿದೆ. ನಕ್ಷತ್ರಗಳು 27. ಚಂದ್ರ ಒಂದೊಂದರಲ್ಲಿ ಸುಮಾರು ಒಂದು ದಿನವಿರುತ್ತಾನೆ. ಅಂದರೆ ಹೆಚ್ಚುಕಡಿಮೆ 27 ಜನರಲ್ಲಿ ಒಬ್ಬರದು ಮೂಲಾ. 140 ಕೋಟಿ ದಾಟಿದ ದೇಶದಲ್ಲಿ ಅಂಥವರು ಐದು ಕೋಟಿ, ಹೆಣ್ಣುಮಕ್ಕಳೇ ಸುಮಾರು ಎರಡೂವರೆ ಕೋಟಿ. ಅವರಲ್ಲಿ ಎಷ್ಟೋ ಜನರ ಮಾವಂದಿರು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುತ್ತಿರುತ್ತಾರೆ. ಆದರೆ ಬದುಕಿರುವ ಮಾವನನ್ನು ನೋಡಿ ಸೊಸೆಯ ನಕ್ಷತ್ರ ಕೇಳುವವರಿಲ್ಲ. ಸಾವಾದ ಮನೆಯಲ್ಲಿ ಮಾತ್ರ ಕೇಳುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದು ಹೀಗೆ ನಿಯಮವಾಗುತ್ತದೆ. ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗದು ಎಂಬ ಪಟ್ಟಿ ರೂಢಿಯಲ್ಲಿ ಹೆಚ್ಚಾಗಿ ಸೊಸೆಗೇ ಅನ್ವಯವಾಗುವುದೂ ಗಮನಿಸಬೇಕಾದದ್ದೇ. ಅಳಿಯನ ನಕ್ಷತ್ರದಿಂದ ಅತ್ತೆ ಸತ್ತರು ಎಂದು ಯಾವ ಮನೆಯವರೂ ನನ್ನ ಬಳಿ ಬಂದು ದೂರಿಲ್ಲ.

ಲೆಕ್ಕ ಅವಳಿಗೆ ಅರ್ಥವಾಯಿತು. ಆದರೆ ಅದೇ ಲೆಕ್ಕವನ್ನು ಅತ್ತೆಯ ಮುಂದಿಡುವುದು ವ್ಯರ್ಥವೆಂದು ನನಗೆ ಅನ್ನಿಸಿತು. ಮೂವತ್ತೈದು ವರ್ಷ ಜೊತೆಗೆ ಬಾಳಿದವರನ್ನು ಕಳೆದುಕೊಂಡ ಹೆಂಗಸಿಗೆ ವಾದ ಬೇಕಿರಲಿಲ್ಲ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ನಕ್ಷತ್ರದ ಸುದ್ದಿಯನ್ನೇ ಎತ್ತದೆ, "ಆ ರಾತ್ರಿ ಏನಾಯಿತು ಹೇಳಿ ಅಮ್ಮ" ಎಂದೆ.

ನಿಧಾನವಾಗಿ ಹೇಳಿದರು. ಊಟವಾದ ಮೇಲೆ ಅವರಿಗೆ ಎದೆಯುರಿ, ಬೆವರು. ಗ್ಯಾಸ್ ಇರಬೇಕೆಂದು ಅವರೇ ಅಂದರು. ಇವರು ಜೀರಿಗೆ ಕಷಾಯ ಮಾಡಿಕೊಟ್ಟು, ಬೆನ್ನು ನೀವಿ ಮಲಗಿಸಿದರು. ಮಗನನ್ನು ಎಬ್ಬಿಸಲೇ ಎಂದು ಕೇಳಿದ್ದಕ್ಕೆ, ಬೆಳಿಗ್ಗೆ ಅವನಿಗೆ ಕೆಲಸವಿದೆ, ಬೇಡ ಎಂದರಂತೆ. ನಸುಕಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇಷ್ಟು ಹೇಳಿ ಸೆರಗನ್ನು ಬಾಯಿಗೊತ್ತಿಕೊಂಡು, "ಎಬ್ಬಿಸಬೇಕಿತ್ತು" ಎಂದರು. ಅದನ್ನು ಆವರೆಗೆ ಯಾರ ಬಳಿಯೂ ಹೇಳಿರಲಿಲ್ಲ.

ಈ ಪ್ರಕರಣದ ಬೇರು ಅಲ್ಲಿತ್ತು. ಮೂಲಾ ನಕ್ಷತ್ರ ಆ ತಾಯಿಯ ತಪ್ಪಿತಸ್ಥ ಭಾವನೆಯನ್ನು ಇಳಿಸಿಡಲು ಸಿಕ್ಕ ಜಾಗವಾಗಿತ್ತು. ಸಾವು ಮೊದಲೇ ಬರೆದಿಟ್ಟದ್ದಾದರೆ, ಸೊಸೆ ಹೊಸ್ತಿಲಿನ ಸೇರು ಒದ್ದು ಒಳಗೆ ಬಂದಾಗಲೇ ನಿಶ್ಚಯವಾಗಿದ್ದರೆ, ಆ ರಾತ್ರಿಯ ಕಷಾಯದ ಲೋಟಕ್ಕೆ ಹೊಣೆಯಿಲ್ಲ. ಮೂಢನಂಬಿಕೆಯನ್ನು ಅಜ್ಞಾನ ಎಂದಷ್ಟೇ ಕರೆದು ಕೈತೊಳೆದುಕೊಳ್ಳುವವರು ಅದು ಮಾಡುವ ಈ ಕೆಲಸವನ್ನು ನೋಡುವುದಿಲ್ಲ. ಕಾರಣವಿಲ್ಲದ ಸಾವನ್ನು ಸಹಿಸುವುದು ಕಷ್ಟ, ತನ್ನಿಂದಾಯಿತೇನೋ ಎಂಬ ಅನುಮಾನವನ್ನು ಸಹಿಸುವುದು ಅದಕ್ಕಿಂತ ಕಷ್ಟ.

ಹಾಗೆಂದು ಸೊಸೆಯ ತಲೆಯ ಮೇಲಿನ ಹೊರೆಯನ್ನು ಅತ್ತೆಯ ತಲೆಗೆ ವರ್ಗಾಯಿಸುವಂತಿಲ್ಲ. ಮನೆಯಲ್ಲಿರುವ ಮಾವನ ವೈದ್ಯಕೀಯ ಕಾಗದಗಳನ್ನು ತರಲು ಮಗನಿಗೆ ಹೇಳಿದೆ. ಪ್ಲಾಸ್ಟಿಕ್ ಚೀಲವೊಂದರಲ್ಲಿ ಮಡಚಿಟ್ಟಿದ್ದ ರಕ್ತಪರೀಕ್ಷೆಯ ವರದಿ ಮದುವೆಗೂ ಎರಡು ವರ್ಷ ಹಿಂದಿನದು. ಸಕ್ಕರೆ ಮಿತಿಮೀರಿತ್ತು. ಅದರ ಜೊತೆಗಿದ್ದ ಮಾತ್ರೆಯ ಪಟ್ಟಿಯಲ್ಲಿ ಮೂರೋ ನಾಲ್ಕೋ ಮಾತ್ರ ಖಾಲಿ. ಮಧುಮೇಹ ನರಗಳಿಗೆ ಪೆಟ್ಟು ಕೊಟ್ಟಿದ್ದರೆ ಹೃದಯಾಘಾತದ ನೋವು ಎಲ್ಲರಿಗೆ ಬರುವಂತೆ ಬರದೆ, ಅಜೀರ್ಣದಂತೆಯೋ ಬರೀ ಸುಸ್ತಿನಂತೆಯೋ ಕಾಣಿಸಬಹುದು. ಇದನ್ನು ನಾನು ಹೇಳುವುದಕ್ಕಿಂತ ವೈದ್ಯರ ಬಾಯಲ್ಲಿ ಕೇಳಲಿ ಎಂದು ಅತ್ತೆಯನ್ನೂ ಮಗನನ್ನೂ ಅವರ ಬಳಿಗೆ ಕಳುಹಿಸಿದೆ. ಮನೆಯಲ್ಲಿದ್ದವರು ಗ್ಯಾಸ್ ಎಂದುಕೊಂಡದ್ದು ಅಸಹಜವಲ್ಲ ಎಂದು ವೈದ್ಯರು ಹೇಳಿದ್ದು ಆ ತಾಯಿಗೆ ಯಾವ ಶಾಂತಿಹೋಮಕ್ಕಿಂತ ಹೆಚ್ಚಿನ ನೆಮ್ಮದಿ ಕೊಟ್ಟಿತು.

ಮಗನೊಡನೆ ಮಾತ್ರ ನಾನು ಖಡಾಖಂಡಿತವಾಗಿ ಮಾತನಾಡಿದೆ. ತಾನು ಯಾರ ಪಕ್ಷವನ್ನೂ ವಹಿಸಿಲ್ಲ ಎಂದು ಅವನು ತಿಳಿದಿದ್ದ. ಹೆಂಡತಿಯನ್ನು ಅಪಶಕುನ ಎಂದು ಕೋಣೆಯಲ್ಲಿ ಕೂರಿಸಿದಾಗ ಸುಮ್ಮನಿರುವುದು ಒಪ್ಪಿಗೆಯೇ. ಜಾತಕ ಕೇಳದೆ ಈ ಸಂಬಂಧ ಒಪ್ಪಿದವರು ಅವನ ತಂದೆಯೇ. "ಅಪ್ಪ ಮೆಚ್ಚಿ ತಂದ ಸೊಸೆ ಇವಳು" ಎಂದು ಅಮ್ಮನ ಎದುರು, ನೆಂಟರ ಎದುರು ಹೇಳು ಎಂದೆ. ಕೆಲಸಕ್ಕೆ ಹೊರಡುವಾಗ ಅವಳನ್ನು ಕರೆದು, ಹೇಳಿ ಹೊರಡು ಎಂದೆ. ತವರಿಗೆ ಕಳುಹಿಸುವ ಮಾತನ್ನು ಕೈಬಿಡಲೇಬೇಕು ಎಂದೂ ತಿಳಿಸಿದೆ.

ಕಾನೂನಿನ ಮಾತೂ ಬಂತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಜ್ಯೋತಿಷ್ಯದ ಸಲಹೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಸೊಸೆಯನ್ನು ಹೀಗಳೆಯುವುದು, ಅವಮಾನಿಸುವುದು ಮಾತ್ರ ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆಯಲ್ಲಿ ಮಾನಸಿಕ ಹಿಂಸೆ ಎನಿಸುತ್ತದೆ. ಬೆದರಿಕೆಯಾಗಿ ಬಳಸಲೆಂದು ಇದನ್ನು ಹೇಳಲಿಲ್ಲ. ತನಗೆ ಹಕ್ಕಿದೆ ಎಂಬುದು ಅವಳಿಗೆ ಗೊತ್ತಿರಲಿ ಎಂದು ಹೇಳಿದೆ.

ಅವಳಿಗೆ ಕೊಟ್ಟ ಅಭ್ಯಾಸ ಸರಳ. ಪುಸ್ತಕದ ಎಡಪುಟದಲ್ಲಿ ಭಯವನ್ನು ಮೊದಲೇ ಬರೆಯಬೇಕು: "ಭಾನುವಾರ ತವರಿಗೆ ಹೋದರೆ ಅಪ್ಪನಿಗೆ ಏನೋ ಆಗುತ್ತದೆ." ಹೋಗಿಬಂದ ಮೇಲೆ ಬಲಪುಟದಲ್ಲಿ ಆದದ್ದನ್ನು ಬರೆಯಬೇಕು. ಹೊಸ್ತಿಲನ್ನು ಮುಟ್ಟುವುದನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಬೇಕು. ಬಿಟ್ಟಾಗ ಆತಂಕ ಏರುತ್ತದೆ, ಏರಿದ್ದು ತಾನಾಗಿಯೇ ಇಳಿಯುತ್ತದೆ. ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ಪೂಜೆ, ವ್ರತ ಬಿಡು ಎಂದು ನಾನು ಹೇಳಲಿಲ್ಲ. ದೇವರ ಮುಂದೆ ದೀಪ ಹಚ್ಚುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ. ರಾತ್ರಿ ಆತಂಕ ಹೆಚ್ಚಾದರೆ ಕರೆ ಮಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಮೊಬೈಲ್‌ನಲ್ಲಿ ಉಳಿಸಿಕೊಟ್ಟೆ.

ಈಗ ಹೊಸ್ತಿಲಿನ ಎಣಿಕೆ ನಿಂತಿದೆ, ನಿದ್ದೆ ಮರಳಿದೆ. ವರ್ಷಾಬ್ದಿಕದಲ್ಲಿ ಸೊಸೆ ಎಲ್ಲರ ಜೊತೆಗಿದ್ದಳು. ಅತ್ತೆ ನಕ್ಷತ್ರವನ್ನು ನಂಬುವುದನ್ನು ಬಿಟ್ಟಿಲ್ಲ. ಎರಡನೆಯ ಮಗನಿಗೆ ಹೆಣ್ಣು ನೋಡುವಾಗ ಜಾತಕ ಕೇಳಿಯೇ ಕೇಳುತ್ತೇನೆ ಎಂದಿದ್ದಾರೆ. ಆದರೆ ಈ ಸೊಸೆಯ ಮೇಲಿನ ದೂರನ್ನು ನೆಂಟರೊಬ್ಬರು ಮತ್ತೆ ಎತ್ತಿದಾಗ, "ಅವರಿಗೆ ಸಕ್ಕರೆ ಕಾಯಿಲೆ ಇತ್ತು" ಎಂದು ಅವರೇ ಬಾಯಿ ಮುಚ್ಚಿಸಿದರಂತೆ. ತಂದೆಗಿದ್ದ ಕಾಯಿಲೆ ಮಕ್ಕಳಿಗೂ ಬರಬಹುದಾದ್ದರಿಂದ ಇಬ್ಬರೂ ಗಂಡುಮಕ್ಕಳ ರಕ್ತಪರೀಕ್ಷೆ ಮಾಡಿಸಲು ತಿಳಿಸಿದ್ದೇನೆ. ಮಗುವಿನ ವಿಷಯದಲ್ಲಿ ಅವಳ ಭಯ ಇನ್ನೂ ಪೂರ್ತಿ ಹೋಗಿಲ್ಲ. ಮುಂದಿನ ಭೇಟಿಗಳಲ್ಲಿ ಗಂಡ ಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಅದನ್ನೇ ಮಾತನಾಡಲಿದ್ದೇವೆ.