ದೇಹಕ್ಕೆಲ್ಲ ಹರಡುವ ಮೈಟೊಕಾಂಡ್ರಿಯಾ ವಿಷ ಇಲಿಯ ಸ್ಟ್ರಯಾಟಮ್ ಅನ್ನೇ ಏಕೆ ಸುಡುತ್ತದೆ?

3-ಎನ್‌ಪಿ ಎಂಬ ವಿಷವನ್ನು ಇಲಿಯ ಹೊಟ್ಟೆಗೆ ಚುಚ್ಚಿದರೆ ಅದು ರಕ್ತದ ಜೊತೆ ಎಲ್ಲ ಕಡೆಗೂ ಹೋಗುತ್ತದಲ್ಲ, ಮಿದುಳಿನ ಆಳದಲ್ಲಿ ಕೂತು ಚಲನೆಯನ್ನು ನೋಡಿಕೊಳ್ಳುವ ಸ್ಟ್ರಯಾಟಮ್ ಮಾತ್ರ ಏಕೆ ಹಾಳಾಗುತ್ತದೆ ಎಂದು ಕೇಳಿದ್ದೀರಿ. ಎಂ.ಫಾರ್ಮ್ ಓದುವಾಗ ನನ್ನ ತಲೆ ಕೆಡಿಸಿದ್ದೂ ಇದೇ.

ವಿಷವೇನೋ ಎಲ್ಲ ಕಡೆಗೂ ಹೋಗುತ್ತದೆ. 3-ಎನ್‌ಪಿ, ಅಂದರೆ 3-ನೈಟ್ರೊಪ್ರೊಪಿಯಾನಿಕ್ ಆಮ್ಲ, ಶಕ್ತಿ ತಯಾರಿಕೆಯಲ್ಲಿ ಬಳಕೆಯಾಗುವ ಸಕ್ಸಿನೇಟ್‌ನ ವೇಷದಲ್ಲಿ ಬಂದು, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ‘ಎರಡನೇ ಕಾಂಪ್ಲೆಕ್ಸ್’ ಎಂಬ ಕಿಣ್ವದಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಕೋಶದ ಇಂಧನವಾದ ಎಟಿಪಿ ಕುಸಿಯುತ್ತದೆ. ಶಕ್ತಿಯಿಲ್ಲದೆ ಕೋಶ ಸತ್ತಿತು, ಕಥೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ.

ನರಕೋಶದ ಎಟಿಪಿಯಲ್ಲಿ ದೊಡ್ಡ ಪಾಲು ನುಂಗುವುದು ಸೋಡಿಯಂ-ಪೊಟ್ಯಾಸಿಯಂ ಪಂಪು. ಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಉಳಿಯುವುದು ಅದರ ದುಡಿಮೆಯಿಂದ. ಪಂಪು ಸೊರಗಿದರೆ ವೋಲ್ಟೇಜ್ ಸೊನ್ನೆಯತ್ತ ಜಾರುತ್ತದೆ. ನರಕೋಶವನ್ನು ಕೆರಳಿಸುವ ಗ್ಲುಟಮೇಟ್ ಬಂದು ಕೂರುವ ಎನ್‌ಎಂಡಿಎ ಗ್ರಾಹಕದ ಬಾಯಿಗೆ ಒಂದು ಮೆಗ್ನೀಸಿಯಂ ಬಿರಡೆ ಇದೆ. ಅದನ್ನು ಹಿಡಿದಿಟ್ಟಿದ್ದೂ ಆ ವೋಲ್ಟೇಜೇ. ಬಿರಡೆ ಕಳಚಿತೋ, ದಿನವೂ ಬರುವಷ್ಟೇ ಗ್ಲುಟಮೇಟ್ ಬಂದರೂ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಹೊರದಬ್ಬಲೂ ಎಟಿಪಿಯೇ ಬೇಕು! ಕೋಶವನ್ನು ಕೊಲ್ಲುವುದು ಹೀಗೆ ತುಂಬಿಕೊಂಡ ಕ್ಯಾಲ್ಸಿಯಂ.

ಸ್ಟ್ರಯಾಟಮ್‌ಗೆ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಿಂದ ಗ್ಲುಟಮೇಟ್ ತಂತುಗಳು ದಟ್ಟವಾಗಿ ಇಳಿಯುತ್ತವೆ. 1993ರಲ್ಲಿ ನರವಿಜ್ಞಾನಿ ಫ್ಲಿಂಟ್ ಬೀಲ್ ಅವರ ತಂಡ ಈ ತಂತುಗಳನ್ನು ಮೊದಲೇ ತೆಗೆದು ನೋಡಿತು: ಗಾಯ ತಗ್ಗಿತು. ಅದೇ ಪ್ರಯೋಗಗಳಲ್ಲಿ, ವಿಷ ಕೊಟ್ಟ ಇಲಿಗಳ ಮಿದುಳಿನಲ್ಲಿ ಕೋಶದ ಹೊರಗಿನ ಗ್ಲುಟಮೇಟ್ ಹೇಳಿಕೊಳ್ಳುವಷ್ಟು ಏರಿರಲೇ ಇಲ್ಲ. ಅಂದರೆ ಬಿರಡೆ ಕಳಚಿದ ಕೋಶಕ್ಕೆ ಮಾಮೂಲಿ ಗ್ಲುಟಮೇಟೇ ಸಾಕು. ನನಗೆ ವಿಷಯ ಅರ್ಥವಾಗಿದ್ದು ಇದನ್ನು ಓದಿದ ಮೇಲೆ. ಡೋಪಮೀನ್ ಕೂಡ ಕೈಜೋಡಿಸುತ್ತದೆ, ಅದು ಬೇರೆ ಮಾತು.

ನೀವೇ ಪ್ರಯೋಗ ಮಾಡುವವರಾದರೆ ಒಂದು ಕಿವಿಮಾತು. ಮಿದುಳಿನ ಸ್ಲೈಸ್‌ಗೆ 3-ಎನ್‌ಪಿ ಹಾಕಿದಾಗ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ಕೋಶ ಮೊದಲು ಕೆರಳದೆ ಇನ್ನಷ್ಟು ತಣ್ಣಗಾಗಬಹುದು. ಎಟಿಪಿ ಇಳಿದಾಗ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳ ಕೆಲಸ ಅದು. ವಿಷ ಕೆಟ್ಟಿದೆ ಅಂತ ಬಾಟಲಿ ಎಸೆಯಬೇಡಿ. ಇಡೀ ಇಲಿಯಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಮೊದಲು ಸುಮ್ಮನೆ ಕೂರದೆ ಅಡ್ಡಾಡುತ್ತವೆ, ಆಮೇಲೆ ಮಂಕಾಗಿ ಹಿಂಗಾಲು ಎಳೆಯತೊಡಗುತ್ತವೆ. ಒಂದೇ ಡೋಸ್‌ಗೆ ಪಕ್ಕದ ಪಂಜರದ್ದು ಏನೂ ಆಗದಂತೆ ಕಾಳು ತಿನ್ನುತ್ತಿರುತ್ತದೆ. ವಯಸ್ಸಾದ ಇಲಿಗೆ ಪೆಟ್ಟು ಜಾಸ್ತಿ. ಒಂದೇ ವಯಸ್ಸಿನವನ್ನು ಆರಿಸಿ, ದಿನಾ ತೂಕ ನೋಡಿ.

ನಾನು ಕಬ್ಬಿನ ಊರಿನವನು, ಹಾಗಾಗಿ ಇದನ್ನು ಹೇಳದಿರಲಾರೆ. ಉತ್ತರ ಚೀನಾದಲ್ಲಿ ಚಳಿಗಾಲವಿಡೀ ಕೂಡಿಟ್ಟು ಬೂಷ್ಟು ಹಿಡಿದ ಕಬ್ಬನ್ನು ತಿಂದು ಮಕ್ಕಳು ಪ್ರಜ್ಞೆ ತಪ್ಪುತ್ತಿದ್ದರು. ಬದುಕುಳಿದ ಕೆಲವರ ಕೈಕಾಲು ತಿರುಚಿಕೊಂಡೇ ಉಳಿದವು. ಆ ಬೂಷ್ಟು ಮಾಡುವ ವಿಷ ಇದೇ 3-ಎನ್‌ಪಿ. ಸ್ಕ್ಯಾನ್‌ನಲ್ಲಿ ಗಾಯ ಕಂಡಿದ್ದು ಪುಟಾಮೆನ್‌ನಲ್ಲಿ, ಅಂದರೆ ಮನುಷ್ಯರ ಸ್ಟ್ರಯಾಟಮ್‌ನ ಒಂದು ಭಾಗದಲ್ಲೇ.